ಮಾವನಿಗೊಂದು ಕಂಪ್ಯೂಟರ್

ನನಗಾಗಿ ಕಂಪ್ಯೂಟರ್ ಕೊಳ್ಳುವುದಕ್ಕಿಂತ ಬೇರೆಯವರಿಗಾಗಿ ಕೊಳ್ಳುವುದೆಂದರೆ ನನಗೆ ಹೆಚ್ಚು ಖುಷಿ. ದುಡ್ಡು ಅವರದ್ದೇ ಆದರೆ ಇನ್ನೂ ಖುಷಿ. ಈ ಬಾರಿ ಮಾತ್ರ ದುಡ್ಡೂ ನನ್ನದೇ. ಸಾಗರದ ಕಡೆ ಹಳ್ಳಿಯಲ್ಲಿರುವ ನನ್ನ ಸೋದರಮಾವ ನಿವೃತ್ತ ಕನ್ನಡ ಮೇಷ್ಟ್ರು. ತಾಳಮದ್ದಳೆಯ ಹಳೆಯ ಅರ್ಥಧಾರಿಗಳ ಬಗ್ಗೆ ಬರೆಯುವುದು ಅವರ ಹುಚ್ಚು. ಅವರ ಮುದಿ ಯಂತ್ರ ವಿಂಡೋಸ್ 10ರಲ್ಲೇ ನಿಂತಿತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತು; 11ಕ್ಕೆ ಏರುವ ತ್ರಾಣ ಯಂತ್ರಕ್ಕಿರಲಿಲ್ಲ. ಉಡುಗೊರೆಗೆ ಇದಕ್ಕಿಂತ ಒಳ್ಳೆಯ ನೆಪ ಯಾವುದಿದೆ?

"ಲ್ಯಾಪ್‌ಟಾಪ್ ಕೊಡ್ಸಿದ್ರೆ ಮುಗೀತಲ್ಲ" ಅಂದಳು ಹೆಂಡತಿ. ಅದೇ ತೊಂದರೆ, ಮುಗಿದುಹೋಗುತ್ತದೆ. ಮಾವನ ಕತ್ತು, ಕಣ್ಣು, ದಪ್ಪ ಬೆರಳುಗಳ ಕಾರಣ ಕೊಟ್ಟು ವಾದ ಗೆದ್ದೆ. ಬಿಡಿಭಾಗ ತಂದು ಜೋಡಿಸುವ ಸುಖಕ್ಕೆ ಹೀಗೊಂದು ಮರ್ಯಾದಸ್ಥ ಮುಸುಕು ಬೇಕಾಗುತ್ತದೆ.

ಬೆಂಗಳೂರಿನಲ್ಲಿ ಈ ಸುಖದ ಬಾಗಿಲು ಎಸ್.ಪಿ. ರೋಡ್. ಸಿಟಿ ಮಾರ್ಕೆಟ್ಟಿನ ಗದ್ದಲ ದಾಟಿ ಒಳಹೊಕ್ಕರೆ, ಕೈಚಾಚಿದರೆ ಎರಡೂ ಗೋಡೆ ಸಿಗುವಂಥ ಅಂಗಡಿಗಳು. ಸೂರಿನತನಕ ಮದರ್‌ಬೋರ್ಡಿನ ಡಬ್ಬಗಳು. "ಗೇಮಿಂಗಾ ಸಾರ್, ಎಡಿಟಿಂಗಾ?" ಅಂತ ಕೌಂಟರಿನ ಹುಡುಗ ಕೇಳಿದ. "ಯಕ್ಷಗಾನ" ಅಂದೆ. ಅವನು ಒಂದು ಗಳಿಗೆ ಯೋಚಿಸಿ, "ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಾಗತ್ತಾ ಸಾರ್?" ಅಂದ. ಬೇಡವಾಗಿತ್ತು. ನಾನು ಆರಿಸಿದ್ದು ರೈಜನ್ 5 5600ಜಿ, ಚಿತ್ರ ಮೂಡಿಸುವ ಕೆಲಸವನ್ನೂ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡ ಪ್ರೊಸೆಸರ್. 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿ ಕೊಡಲು ಬಂದ. 8ರ ಎರಡು ಕೊಡು ಅಂದೆ. ಎರಡು ದಾರಿಯಲ್ಲಿ ಮಾಹಿತಿ ಓಡಾಡಿದರೆ ಇಂಥ ಪ್ರೊಸೆಸರಿನ ಚಿತ್ರಭಾಗಕ್ಕೆ ಉಸಿರಾಟ ಸಲೀಸು. ಕೀಬೋರ್ಡಿನ ವಿಷಯದಲ್ಲಿ ಮಾತ್ರ ನನ್ನ ಪಕ್ಷಪಾತವಿದೆ. ಟಿವಿಎಸ್ ಗೋಲ್ಡ್ ಬಿಟ್ಟು ಬೇರೆ ನೋಡಲೇ ಇಲ್ಲ. ಬ್ಯಾಂಕಿನ ಕೌಂಟರುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಚಟಚಟ ಎನ್ನುತ್ತಿದ್ದ ಅದೇ ಇಟ್ಟಿಗೆ. ಒತ್ತಿದ ಕೀಲಿ ಒತ್ತಿದೆನೆಂದು ಹೇಳಬೇಕು. ಮೇಷ್ಟ್ರಿಗೆ ಉತ್ತರ ಕೊಡದವರು ಆಗುವುದಿಲ್ಲ.

"ಇಲ್ಲೇ ಫಿಟ್ ಮಾಡಿ ಕೊಡ್ತೀವಿ, ಚಾರ್ಜಿಲ್ಲ" ಅಂದರು. ಹೋಳಿಗೆಯ ಹೂರಣ ರುಬ್ಬಿಟ್ಟುಕೊಂಡವರಿಗೆ ಬೇಯಿಸಿಕೊಡುತ್ತೇವೆ ಅಂದ ಹಾಗಾಯಿತು. ಬಿಲ್ಲು, ಡಬ್ಬಗಳ ಸಮೇತ ಮನೆಗೆ ಬಂದೆ.

ಊಟದ ಮೇಜು ಒರೆಸಿ, ಫ್ಯಾನ್ ಆರಿಸಿ, ಮಕ್ಕಳನ್ನು ದೂರವಿಟ್ಟು ಕೂತರೆ ಬೇರೆಯೇ ಲೋಕ. ಪ್ರೊಸೆಸರಿನ ಅಡಿಯಲ್ಲಿ 1331 ಚಿನ್ನದ ಬಣ್ಣದ ಮುಳ್ಳುಗಳು. ಒಂದು ಬಾಗಿದರೂ ಪ್ರಾಣಸಂಕಟ. ಅಂಥದ್ದನ್ನು ಕೂರಿಸಲು ಒತ್ತಲೇಬಾರದು ಎನ್ನುವುದೇ ಇಲ್ಲಿನ ಸೊಗಸು. ಸಾಕೆಟ್ಟಿನ ಸರಳೆತ್ತಿ, ಮೂಲೆಯ ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ ಇಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಆಮೇಲೆ ಸರಳು ಬಾಗಿಸಿದರೆ ಹಿಡಿತ. ಕೂಲರಿನ ನಾಲ್ಕು ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಒಂದಿಷ್ಟಿಷ್ಟೇ ಬಿಗಿಯಬೇಕು. ರ‍್ಯಾಮಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ಸಂಕೋಚಪಟ್ಟರೆ ಕೆಲಸವಾಗದು; ಎರಡು ಹೆಬ್ಬೆರಳಿಟ್ಟು 'ಟಕ್' ಅನ್ನುವತನಕ ಒತ್ತಬೇಕು. ಎಸ್‌ಎಸ್‌ಡಿ ಓರೆಯಾಗಿ ಒಳಹೋಗಿ, ತಲೆಯೆತ್ತಿ ನಿಂತು, ಒಂದು ಪುಟಾಣಿ ತಿರುಪಿಗೆ ಮಣಿದು ಮಲಗುತ್ತದೆ. ಎಲ್ಲಕ್ಕಿಂತ ತಾಳ್ಮೆ ಬೇಡುವುದು ಕ್ಯಾಬಿನೆಟ್ಟಿನ ಮುಂಭಾಗದಿಂದ ಬರುವ ಕೂದಲೆಳೆಯ ತಂತಿಗಳು: ಪವರ್ ಬಟನ್ನಿಗೊಂದು, ರೀಸೆಟ್ಟಿಗೊಂದು, ಮಿಣುಕುದೀಪಕ್ಕೆ ಪ್ಲಸ್ಸು-ಮೈನಸ್ಸು ಬೇರೆ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಅವನ್ನು ಸಿಕ್ಕಿಸುವಾಗ ಯಾರು ಮಾತಾಡಿಸಿದರೂ ಕೋಪ ಬರುತ್ತದೆ, ಸಂತೋಷದ ಕೋಪ.

ಕಬ್ಬಿಣದ ಕೆಲಸ ಒಂದು ಸಂಜೆಯದು. ಉಡುಗೊರೆಯ ಅಸಲು ಭಾಗ ಆಮೇಲೆ ಶುರು. ಲಿನಕ್ಸ್ ಮಿಂಟ್ ಹಾಕಿದೆ. ಅದರ ಕೀಲಿಮಣೆಗಳ ಪಟ್ಟಿಯಲ್ಲೇ ಕಗಪ ವಿನ್ಯಾಸ ಇದೆ: 'ಟ' ಬೇಕಾದರೆ ಕ್ಯೂ, 'ಡ'ಗೆ ಡಬ್ಲ್ಯೂ, ಒತ್ತಕ್ಷರಕ್ಕೆ ನಡುವೆ ಎಫ್. 'ಸಾಗರ' ಬರೆಯಲು ನಾಲ್ಕೇ ಅಕ್ಷರಗೀಲಿ ಸಾಕು. ಮಾವ ಮೊದಲು ಕೊಂಕು ತೆಗೆದಿದ್ದರು. ಈ ವಿನ್ಯಾಸದ ಮೂಲ ಕೆ.ಪಿ. ರಾಯರದು, ಅವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು' ಅಂದೆ. ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು ಕಿವಿಗೆ ಬಿದ್ದದ್ದೇ ತಡ, "ಹಾಗಾದ್ರೆ ಅದನ್ನೇ ಹಾಕು ಮಾರಾಯ" ಅಂದರು.

ಪೇಟೆಯ ಡಿಟಿಪಿ ಅಂಗಡಿಯಲ್ಲಿ ಹಿಂದೆ ಟೈಪು ಮಾಡಿಸಿದ ಲೇಖನಗಳ ಪೆನ್‌ಡ್ರೈವನ್ನೂ ಮಾವ ಕಳಿಸಿದ್ದರು. ತೆರೆದರೆ ಬರೀ ಪೌಂಡ್ ಗುರುತುಗಳು, ನೆತ್ತಿಯ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರಗಳು. ಯೂನಿಕೋಡಿಗೆ ಮುಂಚಿನ ನುಡಿ ಫಾಂಟುಗಳ ಕತೆಯೇ ಇದು. ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಫಾಂಟ್ ಇಲ್ಲದಲ್ಲಿ 'ನ'ಕಾರ ಬ್ರಿಟಿಷರ ನಾಣ್ಯವಾಗುತ್ತದೆ. ಪರಿವರ್ತಕದಲ್ಲಿ ಒಂದೊಂದೇ ಕಡತ ಹಾಯಿಸಿ, ಎಡವಟ್ಟಾದ ಅರ್ಕಾವೊತ್ತುಗಳನ್ನು ಕೈಯಾರೆ ತಿದ್ದುತ್ತ ಹೋದೆ. ಅರ್ಥಧಾರಿಗಳಾದ ಶೇಣಿಯವರ ವಾಲಿ, ಸಾಮಗರ ಮಾತಿನ ಓಘ ಪರದೆಯ ಮೇಲೆ ಸಾಲಾಗಿ ಬಂದವು. ತಿದ್ದುವುದು ಬಿಟ್ಟು ಓದುತ್ತ ಕೂತ ರಾತ್ರಿಗಳೇ ಹೆಚ್ಚು.

ಪರದೆಯ ಮೇಲೆ ಇಟ್ಟದ್ದು ಕಡಿಮೆ: ಬರೆಯಲು ಲಿಬ್ರೆ ಆಫೀಸ್, ಒಂದು ಬ್ರೌಸರ್, 'ಲೇಖನಗಳು' ಎಂಬ ಕಡತಕೋಶ. ಅಕ್ಷರ ದೊಡ್ಡದು ಮಾಡಿದೆ. ಕೇಳದೆಯೇ ತಾನಾಗಿ ಎದ್ದು ಬರುವ ಸೂಚನೆಗಳ ಬಾಯಿ ಮುಚ್ಚಿಸಿದೆ. ಯಾರಿಗಾದರೂ ಯಂತ್ರ ಕೊಡುವಾಗ ತುಂಬುವ ಚಪಲ ಬಹಳ ಇರುತ್ತದೆ, ತಡೆದುಕೊಳ್ಳಬೇಕು.

ಊರಿಗೆ ಒಯ್ದು ಕೂರಿಸಿದ ದಿನ ಮಾವ ಸಿಡಿಲಿನ ವಿಷಯ ಎತ್ತಿದರು. ಮಲೆನಾಡಿನಲ್ಲಿ ಇದು ತಮಾಷೆಯಲ್ಲ. ಲೈನಿನ ಮೇಲೆ ಹಾದು ಬಂದ ಸಿಡಿಲಿಗೆ ಯುಪಿಎಸ್ಸೂ ಅಡ್ಡ ನಿಲ್ಲಲಾರದು. ಗುಡುಗಿದರೆ ಕರೆಂಟಿನ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಎರಡನ್ನೂ ಕೀಳಬೇಕು ಅಂತ ಅತ್ತೆಗೆ ತೋರಿಸಿಕೊಟ್ಟೆ. ಅತ್ತೆ ಆ ಹುದ್ದೆಯನ್ನು ಚಾಚೂ ತಪ್ಪದೆ ನಡೆಸುತ್ತಿದ್ದಾರೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಮೂಡಣಕ್ಕೆ ಮೋಡ ಕಂಡರೆ ಸಾಕು, ಮಾವ ವಾಕ್ಯದ ನಡುವೆ ಇದ್ದರೂ ಸರಿ, ಪ್ಲಗ್ಗು ಅತ್ತೆಯ ಕೈಯಲ್ಲಿ. ಆಷಾಢದ ಜಡಿಮಳೆ ಹೆಚ್ಚು ಗುಡುಗುವುದಿಲ್ಲವಾದ್ದರಿಂದ ದೊಡ್ಡ ಲೇಖನಗಳನ್ನೆಲ್ಲ ಮಾವ ಆಗಲೇ ಬರೆಯುತ್ತಾರೆ. ಉಳಿದ ತಿಂಗಳಲ್ಲಿ ಚಿಕ್ಕವು.