ಬಿಸಿಯಾಗದ ಯಂತ್ರ, ಕೊಳವೆಯೊಳಗಿನ ಗೂಡು

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿಯೇ ಒಣಗಿಸುವ ಇನ್ನೊಂದು ಯಂತ್ರವಿರುತ್ತದೆ. ಡ್ರೈಯರ್ ಎಂದು ಅದರ ಹೆಸರು. ಎಷ್ಟೋ ಬಡಾವಣೆಗಳಲ್ಲಿ ಅಂಗಳದಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವುವುದಕ್ಕೆ ನಿವಾಸಿಗಳ ಸಂಘದ ನಿಷೇಧವಿದೆ. ಬಿಸಿಲು ಧಾರಾಳವಾಗಿದ್ದರೂ ಬಟ್ಟೆಗೆ ದಕ್ಕದು. 2019ರ ಮೇ ತಿಂಗಳಿನಲ್ಲಿ ಮಗಳ ಬಾಣಂತನಕ್ಕೆಂದು ನಾನು ನ್ಯೂ ಜೆರ್ಸಿಗೆ ಹೋಗಿದ್ದಾಗ ಅವರ ಡ್ರೈಯರ್ ತಿರುಗುತ್ತಿತ್ತು, ಬಿಸಿಯಾಗುತ್ತಿರಲಿಲ್ಲ.

ಇದಕ್ಕೆ ಕಾರಣಗಳು ಕೆಲವೇ. ವಿದ್ಯುತ್ ಡ್ರೈಯರ್‌ನ ಮೋಟಾರಿಗೆ 120 ವೋಲ್ಟ್ ಸಾಕು. ಕಾಯಿಸುವ ಸುರುಳಿಗೆ 240 ವೋಲ್ಟ್ ಬೇಕು. ಎರಡು ತಂತಿಗಳ ಪೈಕಿ ಒಂದರಲ್ಲಿ ವಿದ್ಯುತ್ ನಿಂತರೆ ಡ್ರಮ್ ಉರುಳುತ್ತದೆ, ಶಾಖ ಹುಟ್ಟುವುದಿಲ್ಲ. ಆದ್ದರಿಂದ ಮೊದಲು ಬ್ರೇಕರನ್ನು ಪೂರ್ತಿ ಆರಿಸಿ ಮತ್ತೆ ಹಾಕಿ ನೋಡಬೇಕು. ಅಳಿಯಂದಿರು ಹಾಗೆ ಮಾಡಿದರು; ಫಲವಾಗಲಿಲ್ಲ. ಪ್ಲಗ್ ಕಿತ್ತು, ಹಿಂಬದಿಯ ತಗಡು ಬಿಚ್ಚಿ, ಮಲ್ಟಿಮೀಟರ್ ಹಿಡಿದು ಪರೀಕ್ಷಿಸಿದಾಗ ಸುರುಳಿ ಸರಿಯಾಗಿತ್ತು. ಬಳಿಯಲ್ಲಿದ್ದ ಪುಟ್ಟ ಥರ್ಮಲ್ ಫ್ಯೂಸ್ ಕಡಿದಿತ್ತು. ಶಾಖ ಮಿತಿಮೀರಿದಾಗ ತಾನು ಕಡಿದುಕೊಂಡು ಮನೆಯನ್ನು ಉಳಿಸುವುದು ಅದರ ಕೆಲಸ. ಹೊಸದನ್ನೇ ಹಾಕಬೇಕು. ಎರಡು ತುದಿಗಳನ್ನು ತಂತಿಯಿಂದ ಬೆಸೆದು ಯಂತ್ರ ನಡೆಸುವವರೂ ಇದ್ದಾರೆ. ಬೆಂಕಿಯನ್ನು ಕರೆಯಲು ಅಷ್ಟು ಸಾಕು.

ಆದರೆ ಫ್ಯೂಸ್ ಕಡಿಯುವುದಕ್ಕೂ ಒಂದು ಕಾರಣವಿರಬೇಕಲ್ಲ! ಬಿಸಿಗಾಳಿ ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಶಾಖ ಒಳಗೇ ಉಳಿಯುತ್ತದೆ. ಸಾಮಾನ್ಯವಾಗಿ ಕಟ್ಟುವುದು ಬಟ್ಟೆಯ ಜುಂಗು. ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರ ಅವಧಿಗೆ ಕೊಟ್ಟ ಅಂದಾಜಿನಂತೆ ಡ್ರೈಯರ್‌ನಿಂದ ವರ್ಷಕ್ಕೆ ಸುಮಾರು 2,900 ಮನೆಬೆಂಕಿಗಳು ಸಂಭವಿಸುತ್ತಿದ್ದವು. ಶುಚಿ ಮಾಡದಿರುವುದೇ ಪ್ರಮುಖ ಕಾರಣ. ಇಲ್ಲಿ ಕಟ್ಟಿದ್ದು ಜುಂಗಲ್ಲ. ಗೋಡೆಯಾಚೆ ಕೊಳವೆಯ ಮುಚ್ಚಳ ಮುರಿದಿತ್ತು. ಒಳಗೆ ಒಣಹುಲ್ಲು, ಅದರ ನಡುವೆ ಪುಕ್ಕ ಬಾರದ ನಾಲ್ಕು ಗುಬ್ಬಿಮರಿಗಳು.

ಅದು ನಮ್ಮೂರಿನ ಗುಬ್ಬಿಯೇ. 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟದ್ದು ದೇಶದುದ್ದಕ್ಕೂ ಹರಡಿತು. ಪರದೇಶಿ ಹಕ್ಕಿಯಾದ್ದರಿಂದ 1918ರ ವಲಸೆ ಹಕ್ಕಿಗಳ ಕಾಯಿದೆಯ ರಕ್ಷಣೆ ಅದಕ್ಕಿಲ್ಲ. ಕರೆಸಿದ ಮೆಕ್ಯಾನಿಕ್ ಹತ್ತೇ ನಿಮಿಷದಲ್ಲಿ ಎಳೆದುಹಾಕುತ್ತೇನೆಂದ. ಕಾನೂನು ಅಡ್ಡಬರಲಿಲ್ಲ, ನಮಗೆ ಮನಸ್ಸು ಬರಲಿಲ್ಲ.

ನಡುವಿನ ದಾರಿ ಇರಲಿಲ್ಲವೆಂಬುದೇ ಇಲ್ಲಿಯ ಇಕ್ಕಟ್ಟು. ಗೂಡಿರುವಾಗ ಹೊಸ ಫ್ಯೂಸ್ ಹಾಕಿದರೆ ಬಿಸಿಗಾಳಿ ಮರಿಗಳ ಮೇಲೆಯೇ ನುಗ್ಗುತ್ತದೆ. ಕೊಳವೆ ಬಿಡಿಸಿ ನೆಲಮಾಳಿಗೆಯೊಳಗೇ ಗಾಳಿ ಬಿಟ್ಟರೆ ತೇವ, ಬೂಷ್ಟು, ಎಳೆಗೂಸಿರುವ ಮನೆ. ಮರಿಗಳು ಹಾರಲು ಸುಮಾರು ಎರಡು ವಾರ ಬೇಕು, ಕಾಯೋಣ ಎಂದೆ. “ಅಮ್ಮಾ, ದಯೆ ನಿನ್ನದು, ಒದ್ದೆಬಟ್ಟೆ ನನ್ನದು” ಎಂದಳು ಮಗಳು. ಅವಳ ಮಾತು ನ್ಯಾಯವಾದುದು. ಅಹಿಂಸೆಯ ಶ್ರಮವನ್ನೆಲ್ಲ ಮನೆಯ ಹೆಂಗಸರಿಗೆ ಬಿಟ್ಟು ಉಳಿದವರು ಪುಣ್ಯ ಕಟ್ಟಿಕೊಳ್ಳುವುದನ್ನು ನಮ್ಮ ಮನೆತನಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಬಾಣಂತಿ ಬಟ್ಟೆ ಮುಟ್ಟತಕ್ಕದ್ದಲ್ಲ ಎಂದು ನಿಶ್ಚಯವಾಯಿತು. ನೆಲಮಾಳಿಗೆಯಲ್ಲಿ ನಾಲ್ಕು ಸಾಲು ಹಗ್ಗ, ಎರಡು ಫ್ಯಾನು. ಒಗೆತ ಅಳಿಯಂದಿರದು, ಹರವುವುದು ನನ್ನದು. ಕೂಸಿನ ಬಟ್ಟೆಗೆ ಒಂದು ಹಗಲು, ದಪ್ಪ ಬಟ್ಟೆಗೆ ಎರಡು. ಹೊದಿಕೆಗಳು ಬಾಡಿಗೆ ಯಂತ್ರಗಳಿರುವ ಲಾಂಡ್ರಿಗೆ ಹೋದವು. ಅಲ್ಲಿ ಉರಿದದ್ದೂ ಡ್ರೈಯರೇ ಎಂಬುದನ್ನು ಮರೆಮಾಚಲಾರೆ.

“ಗುಬ್ಬಿಯ ಬದಲು ಇಲಿ ಮರಿಹಾಕಿದ್ದರೆ ನೀವು ಕಾಯುತ್ತಿದ್ದಿರಾ, ಅತ್ತೆ?” ಎಂದು ಅಳಿಯಂದಿರು ಒಂದು ಸಂಜೆ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

13ನೆಯ ದಿನ ಸದ್ದು ನಿಂತಿತು. ಮರುದಿನವೂ ಇಣುಕಿ ನೋಡಿ, ಬರಿದಾಗಿದೆಯೆಂದು ಖಚಿತವಾದ ಮೇಲೆ ಗೂಡನ್ನು ತೆಗೆದೆವು. ತಡಮಾಡುವಂತಿರಲಿಲ್ಲ, ಗುಬ್ಬಿ ಒಂದೇ ಋತುವಿನಲ್ಲಿ ಎರಡು ಮೂರು ಸಲ ಮರಿ ಮಾಡುತ್ತದೆ. ಕೊಳವೆಯುದ್ದಕ್ಕೂ ಉದ್ದನೆಯ ಬ್ರಷ್ ತಳ್ಳಿ, ಫ್ಯೂಸ್ ಬದಲಿಸಿದ ಮೇಲೆ ಯಂತ್ರ ಬಿಸಿಯಾಯಿತು.

ಹೊರಬಾಯಿಗೆ ತಂತಿಬಲೆ ಹೊಡೆಯುವುದು ಸುಲಭವೆಂದು ತೋರುತ್ತದೆ. ಅಲ್ಲಿನ ವಸತಿ ಕಟ್ಟಡ ಸಂಹಿತೆ ಅದನ್ನು ಒಪ್ಪುವುದಿಲ್ಲ, ಜುಂಗು ಬಲೆಗೆ ಮೆತ್ತಿಕೊಂಡು ಕೊಳವೆ ಮತ್ತೆ ಕಟ್ಟುತ್ತದೆ. ಗಾಳಿ ಬಂದಾಗ ತೆರೆದು, ನಿಂತಾಗ ತಾನೇ ಮುಚ್ಚಿಕೊಳ್ಳುವ ಮುಚ್ಚಳವೇ ಸರಿ. ಅತಿಥಿಗೃಹಗಳಲ್ಲಿ ಡ್ರೈಯರ್ ಇಟ್ಟಿರುವ ಅಲ್ಲಿನ ಮಂದಿರಗಳ ಟ್ರಸ್ಟಿನವರು ಚಳಿಗಾಲ ಮುಗಿಯುವ ಮೊದಲೇ, ಹಕ್ಕಿ ಹುಲ್ಲು ಹೊರುವ ಮುನ್ನ, ಆ ಮುಚ್ಚಳವನ್ನೊಮ್ಮೆ ಪರೀಕ್ಷಿಸಬೇಕಾಗಿ ವಿನಂತಿ.