ಒಣ ಕಡ್ಲಿ ಪಲ್ಯ ಮತ್ತು ನನ್ನ ಲೆಕ್ಕ

ಕಳೆದ ತಪಸ್ಸು ಕಾಲದಲ್ಲಿ ಒಂದು ಶುಕ್ರವಾರ ಶಿಲುಬೆ ಹಾದಿ ಮುಗಿದ ಮೇಲೆ ಊಟಕ್ಕೆ ಕೂತವರಿಗೆಲ್ಲ ಆ ಪಲ್ಯ ನೆನಪಿರಬೇಕು. ರೊಟ್ಟಿ ಚೆನ್ನಾಗಿದ್ದವು. ಪಲ್ಯ ಬಾಯಿಗಿಟ್ಟವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೇಂಗಾ ಚಟ್ನಿ ಇಲ್ಲದಿದ್ದರೆ ಎಲ್ಲರೂ ಅರೆಹೊಟ್ಟೆಯಲ್ಲೇ ಏಳಬೇಕಿತ್ತು. ಆ ಪಲ್ಯ ಮಾಡಿದ್ದು ನಾನೇ.

ನಮ್ಮ ಕರಜಗಿ ಕಡೆ ಕಡ್ಲಿ ಹಿಂಗಾರಿ ಬೆಳೆ. ಹೂ ಬಿಡುವ ಮೊದಲು ಕುಡಿ ಚಿವುಟುತ್ತಾರೆ. ಚಿವುಟಿದಷ್ಟೂ ಗಿಡ ಟಿಸಿಲೊಡೆಯುತ್ತದೆ. ಜತ್ತದ ಸಂತೆಯಲ್ಲಿ ಮರಾಠಿಯವರು ಹರಭರಾ ಭಾಜಿ ಅನ್ನುವುದು ಇದನ್ನೇ. ಹಸಿಯದು ಕೆಲವೇ ವಾರ ಸಿಗುತ್ತದೆ. ಉಳಿದದ್ದನ್ನು ಒಣಗಿಸಿ ತುಂಬಿಟ್ಟರೆ ಬೇಸಿಗೆಗಾಯಿತು. ತಪಸ್ಸು ಕಾಲ ಬರುವುದೂ ಹೊಲದಲ್ಲಿ ಹಸಿರು ತೀರಿದ ಹೊತ್ತಿಗೇ.

ಆಯಿ ಹಸಿ ಎಲೆ ಹಾಕುವ ಅಳತೆಯಲ್ಲೇ ನಾನು ಒಣ ಎಲೆ ಸುರಿದಿದ್ದೆ, ಬೊಗಸೆಗೆ ಬೊಗಸೆ. ಬಿಎಸ್ಸಿ ಓದಿದವರಿಗೆ ಇದು ಹೊಳೆಯಬೇಕಿತ್ತು. ಎಲೆಯ ಬಹುಪಾಲು ನೀರು. ಒಣಗಿದಾಗ ನೀರು ಹೋಗುತ್ತದೆ, ಹುಳಿ ಹೋಗುವುದಿಲ್ಲ. ಕಡ್ಲಿ ಎಲೆಯ ಹುಳಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳದ್ದು, ಅವು ಗಾಳಿಗೆ ಆರುವಂಥವಲ್ಲ. (ಹಿಂದೆ ಬೆಳಗಿನ ಇಬ್ಬನಿಯಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿಕೊಳ್ಳುತ್ತಿದ್ದರು.) ಕೊತ್ತಂಬರಿಯದು ತದ್ವಿರುದ್ಧ. ಅದರ ಘಮ ಹಾರಿಹೋಗುವ ಎಣ್ಣೆಯಲ್ಲಿದೆ, ಒಣಗಿಸಿದರೆ ಹುಲ್ಲು ತಿಂದ ಹಾಗೆ. ಅದಕ್ಕೇ ಕೊತ್ತಂಬರಿ ಹಸಿಯದೇ ಆಗಬೇಕು, ಅದೂ ಒಲೆ ಆರಿಸಿದ ಮೇಲೆ. ಮೆಂತ್ಯ ಒಣಗಿದರೂ ವಾಸನೆ ಬಿಡದು. ಒಣ ಸೊಪ್ಪಿಗೆ ಅಡುಗೆಯವರ ಸಾಮಾನ್ಯ ಲೆಕ್ಕ, ಹಸಿಯದರ ಮೂರನೇ ಒಂದು ಪಾಲು.

ಮರುದಿನ ಆಯಿ ಡಬ್ಬಿ ಎತ್ತಿ ನೋಡಿದಳು. ಬೈಯಲಿಲ್ಲ. “ಎಲ್ಲಾ ಹಾಕಿದೇನ ಯವ್ವಾ?” ಅಂದಳು, ಅಷ್ಟೇ.

ಆಮೇಲೆ ಎಪ್ಪತ್ತೆರಡರ ಬರದ ಮಾತು ತೆಗೆದಳು. 1972ರಲ್ಲಿ ಅವಳು ಹೊಸದಾಗಿ ಬಂದ ಸೊಸೆ. ಹಗಲೆಲ್ಲ ಬರದ ಕಾಮಗಾರಿಯಲ್ಲಿ ಕಲ್ಲು ಒಡೆದು ಬಂದು, ಅತ್ತೆ ಗಡಿಗೆಯಿಂದ ಚಿಟಿಕೆ ಲೆಕ್ಕದಲ್ಲಿ ಕೊಟ್ಟ ಒಣ ಪಲ್ಯಕ್ಕೆ ಜೋಳದ ನುಚ್ಚು ಹಾಕಿ ಎಂಟು ಜನಕ್ಕೆ ಕುದಿಸುತ್ತಿದ್ದಳಂತೆ. “ಗಡಿಗಿ ತಳ ಕಾಣಬಾರದು ಅಂತ ನಮ್ಮತ್ತಿ ನಮಗ ಮುಟ್ಟಾಕ ಕೊಡ್ತಿರಲಿಲ್ಲ.”

ನಾನು ಖಾಲಿ ಮಾಡಿದ ಡಬ್ಬಿ ಅವಳ ಇಡೀ ವರ್ಷದ್ದು. ಮೊಣಕಾಲು ನೋವಿಟ್ಟುಕೊಂಡು ಸಾಲಿನಲ್ಲಿ ಕೂತು ಕೂತು ಚಿವುಟಿದ್ದು. ಇನ್ನು ಹೊಲಕ್ಕೆ ಹೋಗುವುದು ಅವಳಿಂದಾಗದು.

ಈ ಸಲ ನಮ್ಮ ಬಳಗದ ನಾಲ್ವರು ಹೋಗಿ ಎರಡು ಚೀಲ ಕುಡಿ ಚಿವುಟಿ ತಂದಿದ್ದೇವೆ. ಮಾಳಿಗೆಯ ಮೇಲೆ ಹಳೆಯ ಸೀರೆಯಲ್ಲಿ ಒಣಗುತ್ತಿವೆ. ಆಯಿ ಕೆಳಗೆ ಕೂತು ತಿರುವಿ ಹಾಕಿದಿರಾ ಅಂತ ಗಂಟೆಗೊಮ್ಮೆ ಕೇಳುತ್ತಾಳೆ. ಭಾನುವಾರ ಪೂಜೆಯ ನಂತರ ಎಲೆ ತಿಕ್ಕಿ ಕಡ್ಡಿ ಆರಿಸುವುದಿದೆ, ಬಿಡುವಿದ್ದವರು ಬನ್ನಿ. ಮೊದಲ ಡಬ್ಬಿ ಆಯಿಗೆ.