ಬ್ಯಾಟರಿನೇ ಯಾಕ್ ಬೈತೀರಿ?

ಈಗ ಬಳ್ಳಾರಿ ಗಾಂಧಿನಗರದಾಗ ಒಂದು ಕಾರು 'ಟಕ್' ಅಂದು ಸುಮ್ಮನಾಯ್ತು. ಸುತ್ತ ನಿಂತವರದೆಲ್ಲ ಒಂದೇ ಮಾತು: "ಬ್ಯಾಟರಿ ಹೋಗೈತಿ, ಹೊಸದು ಹಾಕಿಸ್ರಿ." ಒಬ್ಬರೂ ಹೆಡ್‌ಲೈಟ್ ಹಾಕಿ ನೋಡಲಿಲ್ಲ!

ಲೈಟ್ ಹಾಕಿ ಸೆಲ್ಫ್ ಹೊಡೀರಿ. ಬೆಳಕು ಪೂರ್ತಿ ಮಂಕಾದ್ರೆ ಮೊದಲ ಅನುಮಾನ ಬ್ಯಾಟರಿ, ಇಲ್ಲಾ ಅದರ ಟರ್ಮಿನಲ್ ಮೇಲೆ. ಬೆಳಕು ಹಂಗೇ ಇದ್ದು ಬರೀ ಟಕ್ ಅಂದ್ರೆ ಸೊಲೆನಾಯ್ಡ್, ಸೆಲ್ಫ್ ಮೋಟರ್ ನೋಡ್ರಿ. ಟಕ್ ಕೂಡ ಇಲ್ವಾ? ಕೀ ಸ್ವಿಚ್, ರಿಲೇ, ಫ್ಯೂಸ್.

ಮಲ್ಟಿಮೀಟರ್ ಇದ್ರಂತೂ ವಾದಾನೇ ಬ್ಯಾಡ. ಸುಮ್ಮನೆ ನಿಂತಾಗ ಒಳ್ಳೆ ಬ್ಯಾಟರಿ 12.6 ವೋಲ್ಟ್ ತೋರಿಸ್ತದ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದ್ರೆ ಅದು ಸುಸ್ತಾಗೈತಿ. ಹಂಗೇ ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ ಮೈಗೂ ಮೀಟರ್ ಕಡ್ಡಿ ಹಿಡಿದು ಸೆಲ್ಫ್ ಹೊಡೀರಿ. ಅರ್ಧ ವೋಲ್ಟ್ ದಾಟಿದ್ರೆ ತಪ್ಪು ಅರ್ಥಿಂಗ್ ವೈರಿಂದು. ಈ ಪರೀಕ್ಷೆ ಯಾಕೋ ಯಾರೂ ಮಾಡಲ್ಲ.

ನಮ್ಮ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿದ್ರೆ ಬ್ಯಾಟರಿ ಬೇಗ ಸಾಯ್ತದ, ಒಪ್ಪಿದೆ. ಆದ್ರ ಟರ್ಮಿನಲ್ ತಿಕ್ಕೋ ಮರಳು ಕಾಗದಕ್ಕೆ ಎಷ್ಟು ರೊಕ್ಕ, ಹೊಸ ಬ್ಯಾಟರಿಗೆ ಎಷ್ಟು?

ನಿಮ್ಮ ಕಡೆ ಮೆಕ್ಯಾನಿಕ್ ಮೊದಲು ಮೀಟರ್ ಹಿಡೀತಾರಾ, ಬಿಲ್ ಬುಕ್ ಹಿಡೀತಾರಾ?